ಬೋಳು ಕೊರಳು

“ಲೇ ಪಂಪಿ, ಎಲ್ಲಿ ಅದೀ? ನಿಮ್ಮ ಓಬಳೇಶ ಚಿಕ್ಕಪ್ಪ ಹೋಗಿಬಿಟ್ನಂತ!”

“ಎಲ್ಲಿಗೆ?”

“ಅಯ್ಯೋ, ಸತ್ತಾನಂತಲೇ! ನಿಮ್ಮ ಸರೋಜಾ ಚಿಕ್ಕಮ್ಮ ಮುಂಜಾನೆ ನಳದ ಹತ್ರ ಬೋಳು ಕೊರಳಾಗ ಬಂದಿದ್ಳು. ಬಳಿ ಇಲ್ಲ, ಕುಂಕುಮ ಇಲ್ಲ, ತಾಳಿನೂ ಇಲ್ಲ. ನಮ್ಮವ್ವ ಕಣ್ಣಾರೆ ನೋಡ್ಯಾಳ.”

ಗಾಂಧಿನಗರದ ಬೇಕರಿ ಮುಂದೆ ಫೋನ್ ಕಿವಿಗಿಟ್ಟು ಎಗ್ ಪಫ್ ಕಚ್ಚಿಕೊಂಡು ನಿಂತಿದ್ದ ನನಗೆ ಅದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಫೋನ್ ಮಾಡಿದ ರಾಮಾಂಜಿನಿ ನನ್ನ ಕ್ಲಾಸಿನವನು, ಕುರುಗೋಡಿನಲ್ಲಿ ಚಿಕ್ಕಮ್ಮನ ಓಣಿಯವನು. ಉಪ್ಪುಖಾರ ಹಚ್ಚುತ್ತಾನೆ, ಆದರೆ ಸಾವಿನ ವಿಷಯದಲ್ಲಿ ಸುಳ್ಳು ಹೇಳುವವನಲ್ಲ. ಚಿಕ್ಕಪ್ಪ ಸಿರುಗುಪ್ಪದ ರೈಸ್ ಮಿಲ್ಲಿಗೆ ಭತ್ತ ಸಾಗಿಸುವ ಲಾರಿ ಡ್ರೈವರ್. ಅವನ ಫೋನ್ ಸ್ವಿಚ್ ಆಫ್. ಚಿಕ್ಕಮ್ಮ ಎತ್ತಲೇ ಇಲ್ಲ. ಕುರುಗೋಡಿಗೆ ಸಿಕ್ಕ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ನೆನಪಾದದ್ದು ಚಿಕ್ಕಮ್ಮನ ದಾರಗಳು. ಚಿಕ್ಕಪ್ಪ ಲೋಡ್ ಹೊತ್ತು ಹೊರಟರೆ ಅವಳಿಗೆ ಊಟವಿಲ್ಲ, ನಿದ್ದೆಯಿಲ್ಲ. ಒಮ್ಮೆ ಊರಮ್ಮನ ಗುಡಿಯಿಂದ, ಒಮ್ಮೆ ದರ್ಗಾದಿಂದ ದಾರ ತಂದು ಲಾರಿಯ ಕನ್ನಡಿಗೆ ಕಟ್ಟುತ್ತಿದ್ದಳು. ಆ ದಾರದ ಧೈರ್ಯ ಲಾರಿ ಮನೆಗೆ ಬರುವವರೆಗೆ ಮಾತ್ರ. ಮತ್ತೆ ಲೋಡ್, ಮತ್ತೆ ಹೆದರಿಕೆ, ಮತ್ತೆ ಹೊಸ ದಾರ. ಬಾದನಹಟ್ಟಿ ರಸ್ತೆಯ ತಗಡಿನ ಪ್ರಾರ್ಥನಾ ಮನೆಗೆ ಹೋಗತೊಡಗಿದ ಮೇಲೆ ದಾರ ನಿಂತಿತು, ನಿದ್ದೆ ಬಂತು. ಚಿಕ್ಕಪ್ಪನೂ ನಕ್ಕು ಸುಮ್ಮನಾಗಿದ್ದ. ಆದರೆ ತಾಳಿ?

ಚಿಕ್ಕಮ್ಮನ ಮನೆ ಮುಂದೆ ಚಪ್ಪಲಿಗಳ ರಾಶಿ. ಪಕ್ಕದ ಮನೆ ಚನ್ನಬಸಮ್ಮ ತಲೆ ಮೇಲೆ ಸೆರಗೆಳೆದುಕೊಂಡು ಹೊಸ್ತಿಲಲ್ಲಿ ಕೂತು ಸಣ್ಣಗೆ ರಾಗ ತೆಗೆದಿದ್ದಳು.

“ಸುದ್ದಿ ಬಂತೇನ್ರೀ?” ಎಂದೆ.

“ಇನ್ನೂ ಇಲ್ಲವ್ವಾ. ಬಂದ್ರ ತಯಾರಿರಬೇಕಲ್ಲ.”

ಒಳಗೆ ಚಿಕ್ಕಪ್ಪನ ತಾಯಿ ಗಿಡ್ಡಮ್ಮಜ್ಜಿ ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. “ಹಾಕ್ಕೊಳ್ಳೇ ಅದನ್ನ! ರಸ್ತೆ ಮ್ಯಾಲಿರೋ ಗಂಡಗ ಕೈಯಾರೆ ಕೆಟ್ಟದ್ದು ಕರದೀಯಲ್ಲೇ! ಇನ್ನೂ ಹೊತ್ತೈತಿ, ಹಾಕ್ಕೊ!”

“ಅತ್ತಿ, ನಾಳೆ ನನ್ನ ದೀಕ್ಷಾಸ್ನಾನ. ನಮ್ಮ ಸಭೆದಾಗ ಒಡವಿ ತೆಗೆದಿಟ್ಟು ನೀರಿಗಿಳೀತಾರ. ಯಾರೂ ಜುಲುಮಿ ಮಾಡಿಲ್ಲ, ನಾನ ಮನಸಾರೆ ತೆಗದೀನಿ. ಅವರ ಜೀವ ಈ ತಾಳ್ಯಾಗಿಲ್ಲ, ಯೇಸಯ್ಯನ ಕೈಯಾಗ ಐತಿ.”

“ಏನರ ಆಗಿದ್ರ?”

ಚಿಕ್ಕಮ್ಮನ ಬೆರಳು ಕೊರಳಿಗೆ ಹೋಯಿತು. ಅಲ್ಲಿ ಏನೂ ಸಿಗದೆ ಕೆಳಗಿಳಿಯಿತು. “ಏನರ ಆಗಿದ್ರೂ ಆತನ ಕೈಯಾಗ ಐತಿ” ಎಂದಳು.

ಆಮೇಲೆ ತಾಳಿಯನ್ನು ತಂದು ಅತ್ತೆಯ ಅಂಗೈಯಲ್ಲಿಟ್ಟು, ಬೆರಳು ಮಡಚಿದಳು. “ನೀವ ಇಟ್ಕೊಳ್ರಿ. ನಿಮಗ ಧೈರ್ಯ ಆಗ್ಲಿ.” ಗಿಡ್ಡಮ್ಮಜ್ಜಿ ಆ ಮುಷ್ಟಿಯನ್ನು ಎದೆಗೊತ್ತಿಕೊಂಡು ಮೂಲೆ ಸೇರಿದಳು.

ನಾನು ಅಡುಗೆಮನೆಗೆ ಹೋಗಿ ಪಿಸುಗುಟ್ಟಿದೆ. “ನಿನಗ ಹೆದರಿಕಿ ಇಲ್ಲೇನು ಚಿಕ್ಕಮ್ಮಾ?”

“ಐತಲೇ. ಆದ್ರ ಮೊದಲಿನಂಗ ನನ್ನ ತಿನ್ನವಲ್ದು. ಆವಾಗ ಒಬ್ಬಾಕಿನ ಕುಂತು ಹೆದರ್ತಿದ್ದೆ. ಈಗ ಪಕ್ಕದಾಗ ಆತ ಕುಂತಾನ.”

ನಾನು ಪಕ್ಕಕ್ಕೆ ನೋಡಿದೆ. ಅಲ್ಲಿ ಅಕ್ಕಿ ಡಬ್ಬಿ ಇತ್ತು, ಅಷ್ಟೇ. ನಗು ಬರಬೇಕಿತ್ತು, ಬರಲಿಲ್ಲ.

ಹೊತ್ತು ಮುಳುಗಿತು. ಯಾರೋ ಶಾಮಿಯಾನದವನ ನಂಬರ್ ಕೇಳುತ್ತಿದ್ದರು. ಅಷ್ಟರಲ್ಲಿ ಚಿಕ್ಕಮ್ಮನ ಫೋನ್ ಬಡಿದುಕೊಂಡಿತು. ಗೊತ್ತಿಲ್ಲದ ನಂಬರ್. ಹೊರಗಿದ್ದವರೆಲ್ಲ ಒಳಗೆ ನುಗ್ಗಿದರು. ಅವಳು ಸ್ಪೀಕರ್ ಹಾಕಿದಳು.

“ಹಲೋ. ನಾನು.”

ಚನ್ನಬಸಮ್ಮನ ರಾಗ ಅರ್ಧಕ್ಕೇ ತುಂಡಾಯಿತು. ಗಿಡ್ಡಮ್ಮಜ್ಜಿ “ನನ್ನಪ್ಪಾ!” ಎಂದು ಕುಸಿದಳು.

“ಫೋನ್ ಭತ್ತದ ರಾಶ್ಯಾಗ ಬಿದ್ದು ಹೋತು. ಸಿಗಲೇ ಇಲ್ಲ. ಇಲ್ಲಿ ಹಮಾಲ್ರು ನನ್ನ ನೋಡಿ ಹೌಹಾರಿದ್ರು. ನಾನು ಸತ್ತಿದ್ದು ಸಿರುಗುಪ್ಪಕ್ಕೆಲ್ಲ ಗೊತ್ತೈತಿ, ನನಗ ಮಾತ್ರ ಯಾರೂ ಹೇಳಿಲ್ಲ.”

ನಾನೊಬ್ಬಳೇ ಕಿಸಕ್ಕನೆ ನಕ್ಕೆ. ಅವನು ನಗಲಿಲ್ಲ.

“ಸರೋಜಾ, ತಾಳಿ ತೆಗದೀಯಂತ. ಖರೇನು?”

“ಖರೇ ರೀ.”

“ನಾನು ಬದುಕಿದ್ದಾಗ.”

“ನಿಮಗ ಹೇಳಿ ತೆಗೀಬೇಕಂತ ನಿನ್ನೆ ಕಾದೆ. ನೀವು ಬರ್ಲಿಲ್ಲ, ಫೋನೂ ಹತ್ಲಿಲ್ಲ.”

ಆ ಕಡೆ ಯಾರೋ ಅವನನ್ನು ಲೋಡಿಗೆ ಕರೆದರು; “ತಡೀರೋ” ಎಂದು ಗದರಿದ.

“ನಾಳೆ ಆ ದೀಕ್ಷಾಸ್ನಾನ ಎಲ್ಲಿ?”

“ಬಾದನಹಟ್ಟಿ ಕಾಲುವಿ ಹತ್ರ. ಮುಂಜಾನೆ ಏಳಕ್ಕ.”

“ಕಾಲುವಿ ದಂಡಿಗೆ ಸಮ ಹರಿಯಾಕತ್ತೈತಿ. ಗೊತ್ತಿಲ್ಲೇನು?”

“ಗೊತ್ತೈತ್ರಿ. ಪಾಸ್ಟರು ಹಗ್ಗ ಕಟ್ಟಸ್ಯಾರ.”

“ನಾನು ಬರೋತನಕ ನೀರಿಗೆ ಕಾಲಿಡಬ್ಯಾಡ. ಅವ್ವಗೂ ಬರಾಕ ಹೇಳು. ತಾಳಿ ತಗೊಂಡು.”

ಫೋನ್ ಕಟ್ಟಾಯಿತು.

ಗಿಡ್ಡಮ್ಮಜ್ಜಿ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಕರಿಮಣಿಗಳ ಗುರುತು ಕೆಂಪಗೆ ಒತ್ತಿತ್ತು. ಮತ್ತೆ ಮುಚ್ಚಿದಳು. ಒಬ್ಬೊಬ್ಬರೇ ಎದ್ದು ಹೊರಟರು. “ನಾವೂ ಬರ್ತೀವಿ ಬಿಡವ್ವಾ ನಾಳೆ” ಎಂದ ಚನ್ನಬಸಮ್ಮನ ದನಿಯಲ್ಲಿ ಸಮಾಧಾನವಿತ್ತೋ ಇನ್ನೇನಿತ್ತೋ, ನನಗೆ ತಿಳಿಯಲಿಲ್ಲ.

ಚಿಕ್ಕಮ್ಮ ಬಿಳಿ ಸೀರೆ ಮಡಚಿ ಚೀಲಕ್ಕಿಟ್ಟಳು. ಮೇಲೆ ಎರಡು ಟವೆಲ್.

“ಎರಡು ಯಾಕ?”

“ಸಿಟ್ಟಿನಾಗ ಬರ್ತಾರ. ನನ್ನ ಎಳಕೊಂಡು ಬರಾಕ ಅವರೂ ನೀರಿಗಿಳದ್ರ? ಒರಸ್ಕೊಳ್ಳಾಕ ಬೇಕಲ್ಲ.”

ಹೇಳುವಾಗ ಈ ಸಲ ಅವಳ ಕೈ ಕೊರಳಿಗೆ ಹೋಗಲಿಲ್ಲ.

“ಅವರು ತಡ ಮಾಡಿದ್ರ?”

“ದಂಡಿ ಮ್ಯಾಲ ನಿಂತು ಕಾಯ್ತೀನಿ. ಕಾಯಾಕ ಈಗ ಬರ್ತೈತಿ ನನಗ.” ಚೀಲದ ಬಾಯಿ ಕಟ್ಟಿದಳು. “ಏಳಕ್ಕ ಅಲ್ಲಿರಬೇಕಂದ್ರ ಆರೂವರಿಗೆ ಹೊರಡಬೇಕು. ನೀನೂ ಬರ್ತೀಯಲ್ಲ?”

“ಬರ್ತೀನಿ” ಎಂದೆ.