ಸುಕನ್ಯ ಬಿಟ್ಟುಕೊಟ್ಟ ಪಾಲು

"ಚೆನ್ನಾಗಿರೋ ಮೈಗೆ ಯಾರಾದ್ರೂ ಕತ್ತಿ ಆಕಿಸ್ಕೊತಾರೇನಮ್ಮ? ತಲೆ ಕೆಟ್ಟೋಯ್ತಾ ನಿಂಗೆ?"

ಬೈಲಪ್ಪ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. ಕೆ.ಆರ್. ಪುರದಿಂದ ಜೋಗುಪಾಳ್ಯದವರೆಗೆ ಎರಡು ಬಸ್ಸು ಬದಲಾಯಿಸಿ ಹೊತ್ತುಕೊಂಡು ಬಂದ ಸಿಟ್ಟು, ಹೊಸ್ತಿಲಲ್ಲಿ ತಣ್ಣಗಾಗುವಂಥದ್ದೇ?

ಮಗಳು ಸುಕನ್ಯ ನೀರು ತಂದುಕೊಟ್ಟಳು. ಅವಳಿಗೆ ಮೂವತ್ತೇಳು. ಎದೆಯಲ್ಲಿ ಗಂಟಿಲ್ಲ, ನೋವಿಲ್ಲ. ಆದರೆ ಬೈಲಪ್ಪನವರ ತಾಯಿ ನಲವತ್ತು ದಾಟಲಿಲ್ಲ. ಅವರದೊಂದು ಫೋಟೊ ಕೂಡ ಇಲ್ಲ. ಬೈಲಪ್ಪನವರ ತಂಗಿ ಯಶೋದಮ್ಮ ಮೂವತ್ತೆಂಟಕ್ಕೇ ಹೋದರು. ಹೋದ ವರ್ಷ ಸುಕನ್ಯಳ ಅಕ್ಕ ರಮ್ಯ. ಎಲ್ಲರಿಗೂ ಸ್ತನದ ಕ್ಯಾನ್ಸರು. 'ಬೈಲಪ್ಪನ ಮನೆ ಹೆಣ್ಣುಮಕ್ಕಳಲ್ಲಿ ತಲೆ ನರೆತವರೇ ಇಲ್ಲ' ಎಂದು ಊರಿನವರು ಹೊಗಳುತ್ತಿದ್ದರು. ನರೆಯುವಷ್ಟು ದಿನ ಬದುಕಿದ್ದರೆ ತಾನೆ, ಪಾಪ!

ರಮ್ಯಳ ರಕ್ತದಲ್ಲಿ ಸಿಕ್ಕ ಜೀನ್ ದೋಷವೇ ಸುಕನ್ಯಳ ರಕ್ತದಲ್ಲೂ ಸಿಕ್ಕಿತ್ತು. ತಂದೆಯ ಕಡೆಯಿಂದ ಬಂದದ್ದು, ರೋಗ ಬರುವ ಮೊದಲೇ ಎರಡೂ ಸ್ತನ ತೆಗೆಸಿದರೆ ಅಪಾಯ ಬಹುಪಾಲು ಕಳೆಯುತ್ತದೆ ಎಂದಿದ್ದರು ಡಾಕ್ಟರು. ತಿಂಗಳುಗಟ್ಟಲೆ ಅವಳು ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ಅತ್ತಿದ್ದಳು. ಗಂಡ ವಸಂತ್ ಹೇಳಿದ್ದು ಒಂದೇ ಮಾತು: "ನಂಗೆ ನೀನಿರ್ಬೇಕು ಕಣೆ, ಅಷ್ಟೇ."

"ವಂಸದಾಗೆ ಬಂದಿದ್ದಮ್ಮ ಇದು. ಬಂದಿದ್ದನ್ನ ಅನುಭವಿಸ್ಬೇಕು," ಎಂದರು ಬೈಲಪ್ಪ.

"ಅಪ್ಪಾ, ನನ್ ಮದ್ವೆ ಆದ್ ವಾರಕ್ಕೇ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡ್ ಹೋದ್ರಲ್ಲ, ನೆನಪಿದ್ಯಾ? ಆಸ್ತೀಲಿ ಪಾಲು ಬೇಡ ಅಂತ ಹಕ್ಕು ಖುಲಾಸೆ ಪತ್ರಕ್ಕೆ ಸೈನ್ ಹಾಕ್ಸಿದ್ರಿ. ಒಂದಕ್ಷರ ಓದ್ದೆ ಹಾಕ್ದೆ."

"ಈಗ್ಯಾಕಮ್ಮ ಆ ಮಾತು?"

"ನಿಮ್ಮನೆಯಿಂದ ನಂಗೆ ಬಂದಿರೋದು ಇದೊಂದೇ ಪಾಲು. ಇದನ್ನೂ ಬಿಟ್ಕೊಡ್ತೀನಿ. ಈ ಸಲ ಓದಿ ಸೈನ್ ಹಾಕ್ತೀನಿ."

ಬೈಲಪ್ಪ ಲೋಟವನ್ನು ಅಲ್ಲೇ ಇಟ್ಟು, ತಿರುಗಿಯೂ ನೋಡದೆ ಹೊರಟೇಬಿಟ್ಟರು.

ಆಪರೇಷನ್ನಿನ ದಿನ ಬೆಳಿಗ್ಗೆ ನರ್ಸ್ ಒಪ್ಪಿಗೆ ಪತ್ರ ತಂದಳು. ಸುಕನ್ಯ ಮೂರೂ ಹಾಳೆಗಳನ್ನು ಸಾಲಿನ ಮೇಲೆ ಬೆರಳಿಟ್ಟು ಓದಿದಳು, ತಿಳಿಯದ್ದನ್ನು ಕೇಳಿದಳು, ಸಹಿ ಹಾಕಿದಳು.

"ಸಾಕ್ಷಿ ಯಾರು ಹಾಕ್ತೀರಾ?"

ವಸಂತ್ ಜೇಬಿಗೆ ಕೈ ಹಾಕುವಷ್ಟರಲ್ಲಿ ಬಾಗಿಲ ಬಳಿಯಿಂದ ಧ್ವನಿ ಬಂತು: "ಇಂಗ್ ಕೊಡಿ. ಆವತ್ತು ನಿಂತು ಸೈನ್ ಆಕಿಸ್ದೋನು ನಾನು. ಇವತ್ತೂ ನಾನೇ ನಿಂತ್ಕೊತೀನಿ."

ಬೈಲಪ್ಪ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ಪೆನ್ನು ವಾಪಸ್ಸು ಕೊಡಲು ಕೈ ಚಾಚಿದರು. ಸುಕನ್ಯ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಗಾಯ ಮಾಯಲು ತಿಂಗಳುಗಳೇ ಹಿಡಿದವು. ಚಪ್ಪಟೆ ಎದೆಯ ಮೇಲೆ ಸೆರಗು ನಿಲ್ಲಿಸುವುದನ್ನು ಅವಳು ಹೊಸದಾಗಿ ಕಲಿಯಬೇಕಾಯಿತು. ಬೀದಿಯವರು ಕಣ್ಣರಳಿಸಿ ನೋಡಿದರು. ನೋಡಿ ನೋಡಿ ಅವರೇ ದಣಿದರು.

ಐದು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಕಿರುಚಿದ ಸದ್ದಿಗೆ, ಕ್ಷೌರ ಮಾಡಿಕೊಳ್ಳುತ್ತಿದ್ದ ವಸಂತ್ ಅರ್ಧ ಗಡ್ಡದಲ್ಲೇ ಓಡಿಬಂದ.

"ರೀ, ನೋಡ್ರೀ! ಬಿಳೀ ಕೂದ್ಲು!"

"ಥೂ, ಅಷ್ಟೇನಾ? ಜೀವ ಹೋಗಿತ್ತು ನಂಗೆ. ಕಿತ್ ಹಾಕು."

"ಮುಟ್ಟಿದ್ರೆ ಜೋಕೆ!"

ಸುಕನ್ಯ ಅಪ್ಪನಿಗೆ ಫೋನು ಮಾಡಿದಳು. ಆ ಕಡೆಯಿಂದ ಬೈಲಪ್ಪ ಹಿತ್ತಲಲ್ಲಿದ್ದ ಹೆಂಡತಿಗೆ ಕೂಗಿ ಹೇಳಿದ್ದು ಕೇಳಿಸಿತು, ಮಗಳು ರ‍್ಯಾಂಕು ಬಂದಳೇನೋ ಎಂಬಷ್ಟು ಜೋರಾಗಿ: "ಅಂಜನಾ! ಕೇಳುಸ್ಕೊಂಡ್ಯಾ? ನಮ್ ಸುಕನ್ಯಂಗೆ ತಲೆ ನರೀತೈತಂತೆ ಕಣೇ!"

ಅವಳು ನಗುತ್ತಾ ಫೋನಿಟ್ಟಳು. ಬೈತಲೆಯನ್ನು ಅಳಿಸಿ, ಆ ಬಿಳಿ ಎಳೆ ಮೇಲೆಯೇ ಕಾಣುವಂತೆ ಹೊಸದಾಗಿ ತೆಗೆದಳು. ಒಂದು ಮೊಳ ಕನಕಾಂಬರ ಮುಡಿದು, ಚೀಲ ಹಿಡಿದು, ಬಿಸಿಲಿನಲ್ಲಿ ಹಲಸೂರು ಮಾರ್ಕೆಟ್ಟಿನ ಕಡೆ ನಡೆದಳು.