ಶುಕ್ರವಾರದ ಬೆಳ್ಳಿ

ಪಂಕಜಳ ಕೆಳದವಡೆಯಲ್ಲಿ ಬೆಳ್ಳಿ ತುಂಬಿಸಿದ ಹಲ್ಲುಗಳು ಎರಡಿದ್ದವು, ಎಡಕ್ಕೊಂದು ಬಲಕ್ಕೊಂದು. ಅರವತ್ತೊಂಬತ್ತನೇ ಇಸವಿಯಲ್ಲಿ, ಮದುವೆಗೆ ಮುಂಚೆ, ಅವಳ ಅಪ್ಪ ಮಾಡಿಸಿದ್ದು. ಹದಿನಾರು ವರ್ಷ ಅವು ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ. ಈಗ ಎರಡೂ ಅಂಚಿನಲ್ಲಿ ಬಿರಿದು, ತಣ್ಣೀರು ತಗುಲಿದರೆ ಕಿವಿಯವರೆಗೂ ಚಳುಕು ಹೊಡೆಯುತ್ತಿತ್ತು. ಹಳೆಯದನ್ನು ತೆಗೆದು ಹೊಸದು ತುಂಬಬೇಕು, ತಡ ಮಾಡಿದರೆ ಹಲ್ಲೇ ಹೋಗುತ್ತದೆ ಎಂದು ಡಾಕ್ಟರ್ ರೇವಣಸಿದ್ದಪ್ಪ ಹೇಳಿ ಕಳಿಸಿದ್ದರು.

ಗಂಡನ ಫ್ಯಾಕ್ಟರಿಯವರು ಖರ್ಚು ಕೊಡುವ ಡಾಕ್ಟರುಗಳ ಪಟ್ಟಿಯಲ್ಲಿದ್ದ ಹಲ್ಲಿನ ಡಾಕ್ಟರು ಅವರೊಬ್ಬರೇ. ರಾಜಾಜಿನಗರದಲ್ಲಿ ಅವರು ಕೂರುತ್ತಿದ್ದದ್ದು ವಾರಕ್ಕೆ ಎರಡೇ ಸಂಜೆ, ಮಂಗಳವಾರ ಮತ್ತು ಶುಕ್ರವಾರ. ತೊಂದರೆ ಶುರುವಾದದ್ದೇ ಅಲ್ಲಿಂದ.

"ಮಂಗಳವಾರ, ಶುಕ್ರವಾರ ಬೆಳ್ಳಿ ಮನೆಯಿಂದ ಆಚೆ ಹೋಗಬಾರದು ಕಣೇ," ಎಂದರು ಅತ್ತೆ ಗಂಗಲಕ್ಷ್ಮಮ್ಮ, ಅವರೆಕಾಯಿ ಸುಲಿಯುತ್ತ.

"ಯಾವ ಬೆಳ್ಳಿ ಅತ್ತೆ?"

"ನಿನ್ನ ಬಾಯಲ್ಲಿರೋದು. ತವರಿಂದ ನಿನ್ನ ಜೊತೆ ಬಂದ ಲಕ್ಷ್ಮಿ. ಅದನ್ನ ಯಾರಿಗೋ ಕೊಟ್ಟು ಬರ್ತೀಯಾ, ಅದೂ ಶುಕ್ರವಾರ?"

ಹೆಣ್ಣು ನೋಡಲು ಬಂದಾಗ ಇದೇ ಬೆಳ್ಳಿಯನ್ನು ಕಂಡು, ಹುಡುಗಿಯ ಹಲ್ಲು ಹುಳುಕು ಎಂದು ಮೂಗು ಮುರಿದವರು ಇವರೇ. ಈಗ ಅದು ಲಕ್ಷ್ಮಿಯಾಗಿತ್ತು.

"ಶುಕ್ರವಾರ ಸೊಪ್ಪು ತರೋಕೆ ಹೋಗ್ತೀನಲ್ಲ, ಆಗಲೂ ಅದು ನನ್ನ ಬಾಯಲ್ಲೇ ಇರುತ್ತೆ."

"ಆಗ ವಾಪಸ್ ಬರುತ್ತಲ್ಲ."

"ಇದನ್ನೂ ಕೇಳಿ ತಗೊಂಡು ಬರ್ತೀನಿ ಬಿಡಿ."

"ಅವನು ಕೊಟ್ಟ ಹಾಗೇ ಇದೆ. ಕರಗಿಸಿ ಇನ್ನೊಬ್ಬಳ ಹಲ್ಲಿಗೆ ತುಂಬ್ತಾನೆ."

ಪಂಕಜ ಗಂಡನ ಕಡೆ ನೋಡಿದಳು. ಪದ್ಮನಾಭ ಪೇಪರಿನಿಂದ ತಲೆ ಎತ್ತಲಿಲ್ಲ. ಅತ್ತೆ ಎದ್ದು ಒಳಗೆ ಹೋದ ಮೇಲೆ ದನಿ ತಗ್ಗಿಸಿ, "ತಿಂಗಳ ಕೊನೇಲಿ ಅಮ್ಮ ಕಾಮಾಕ್ಷಿಪಾಳ್ಯಕ್ಕೆ ನನ್ನ ತಂಗಿ ಮನೆಗೆ ಹೋಗ್ತಾಳೆ. ಆಗ ಹೋಗಿ ಬಾ. ಸುಮ್ನೆ ಯಾಕೆ ರಂಪ," ಎಂದ. ಅವನ ಹಲ್ಲುಗಳೆಲ್ಲ ಗಟ್ಟಿಯಾಗಿದ್ದವು, ಕಬ್ಬು ಸಿಗಿದು ತಿನ್ನುತ್ತಿದ್ದ.

ತಿಂಗಳ ಕೊನೆ ಬಂತು, ಅತ್ತೆ ಹೋಗಲಿಲ್ಲ. ಅಲ್ಲಿ ಮಗುವಿಗೆ ಮೈಮೇಲೆಲ್ಲ ಗುಳ್ಳೆ ಎದ್ದು ಅಮ್ಮ ಆಗಿದೆಯಂತೆ. ಹೀಗೆ ಮೂರು ವಾರ, ಆರು ಸಂಜೆಗಳು ಕಳೆದುಹೋದವು. ಪಂಕಜ ಮುಂದಿನ ಹಲ್ಲಿನಲ್ಲೇ ಅನ್ನ ನುರಿಸಿ ನುಂಗಿದಳು, ಲವಂಗ ಕಚ್ಚಿಕೊಂಡು ಸಾರು ಕುದಿಸಿದಳು. ನೋವಿಗಿಂತ ಹೆಚ್ಚಾಗಿ ಅವಳಿಗೆ ತನ್ನ ಮೇಲೆಯೇ ಸಿಟ್ಟು. ಯಾವ ಸೀರೆ ಉಡಬೇಕು, ಯಾವ ಡಬ್ಬ ಎಲ್ಲಿಡಬೇಕು ಎಂಬುದೆಲ್ಲ ಅತ್ತೆಯ ಮಾತಿನಂತೆ ನಡೆದದ್ದಾಯಿತು. ನಾಲಿಗೆಯ ಪಕ್ಕದ ಎರಡು ಹಲ್ಲಿನ ಮೇಲೂ ಇವರದೇ ಯಜಮಾನಿಕೆಯೆ? ಅದನ್ನೂ ತಾನು ಒಪ್ಪಿಕೊಂಡು ಕೂತಿದ್ದೇನಲ್ಲ.

ನಾಲ್ಕನೆಯ ವಾರದ ಮಂಗಳವಾರ ಎಡದವಡೆ ಊದಿಕೊಂಡಿತು. ಯಾರನ್ನೂ ಕೇಳದೆ ಬಸವೇಶ್ವರನಗರದ ಸ್ಟಾಪಿಗೆ ನಡೆದು ಬಸ್ಸು ಹತ್ತಿದಳು.

"ಇಷ್ಟು ದಿನ ಏನ್ ಮಾಡ್ತಿದ್ರಿ ಮೇಡಂ?" ಎಂದರು ಡಾಕ್ಟರು.

"ಮನೇಲಿ ಕೆಲಸ ಇತ್ತು." ನಿಜ ಹೇಳಲು ನಾಚಿಕೆಯಾಯಿತು.

"ಎಡಗಡೇದು ಉಳಿಯಲ್ಲ, ಕೀಳಬೇಕು. ಬಲಗಡೇದು ಈ ಶುಕ್ರವಾರ ಬಂದ್ರೆ ಉಳಿಸಬಹುದು. ಮತ್ತೆ ತಪ್ಪಿಸಿದ್ರೆ ಅದೂ ಹೋಗುತ್ತೆ."

ಕಿತ್ತ ಹಲ್ಲನ್ನು ಕೇಳಿ ಪಡೆದು, ಹತ್ತಿಯಲ್ಲಿ ಸುತ್ತಿ ತಂದಳು. ಮನೆಗೆ ಬಂದವಳೇ ಅತ್ತೆಯ ಮುಂದೆ ಪೊಟ್ಟಣ ಬಿಚ್ಚಿದಳು. ಬೇರಿನ ಸಮೇತ ಹಲ್ಲು, ಅದರ ನೆತ್ತಿಯಲ್ಲಿ ಕಪ್ಪಿಟ್ಟ ಬೆಳ್ಳಿ.

"ವಾಪಸ್ ಬಂತು," ಎಂದಳು, ಊದಿದ ಬಾಯಲ್ಲಿ.

ಗಂಗಲಕ್ಷ್ಮಮ್ಮ ಎರಡು ಹೆಜ್ಜೆ ಹಿಂದೆ ಸರಿದರು. "ಕಿತ್ತ ಹಲ್ಲು ಮನೆಯೊಳಗೆ ಇಟ್ಕೋತಾರೇನೇ? ಆಚೆ ಹಾಕು."

"ಬೆಳ್ಳಿ?"

"ಬೆಳ್ಳಿ ಆಚೆ ಹೋಗಬಾರದು."

ಹೇಳಿಬಿಟ್ಟ ಮೇಲೆ ತಾವೇ ಸಿಕ್ಕಿಕೊಂಡದ್ದು ಅವರಿಗೂ ಗೊತ್ತಾಯಿತು. ಪಂಕಜ ಸಹಾಯಕ್ಕೆ ಹೋಗಲಿಲ್ಲ, ದಿಂಬು ಹುಡುಕಿಕೊಂಡು ಹೋಗಿ ಮಲಗಿದಳು. ಬೆಳಿಗ್ಗೆ ಎದ್ದು ನೋಡಿದರೆ ಪೊಟ್ಟಣ ಕಾಂಪೌಂಡ್ ಗೋಡೆಯ ಮೇಲೆ, ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗದಲ್ಲಿ, ಬೋರಲು ಹಾಕಿದ ತೆಂಗಿನ ಚಿಪ್ಪಿನ ಅಡಿಯಲ್ಲಿ ಇತ್ತು. ಎರಡು ದಿನವೂ ಅತ್ತೆ ಹೇರ್‌ಪಿನ್ ಹಿಡಿದು ಗೋಡೆಯ ಬಳಿ ಸುಳಿದಾಡಿದರು. ಬೆಳ್ಳಿ ಹಲ್ಲು ಬಿಟ್ಟು ಬರಲಿಲ್ಲ.

ಶುಕ್ರವಾರ ಸಂಜೆ ಪಂಕಜ ಸೀರೆ ಬದಲಿಸಿ ಬಂದಾಗ ಅತ್ತೆ ಹೊಸ್ತಿಲ ಪಕ್ಕದಲ್ಲೇ ಕೂತಿದ್ದರು.

"ಹೋಗಲೇಬೇಕಾ?"

"ಹೋಗ್ತಾ ಇದೀನಿ."

"ಕೊರೆದ ಪುಡಿ ಆದ್ರೂ ತಗೊಂಡು ಬಾರೇ." ದನಿ ಈ ಸಲ ಕೇಳಿಕೊಳ್ಳುವಂತಿತ್ತು. ಪಂಕಜ ಚಪ್ಪಲಿ ಮೆಟ್ಟಿದಳು.

ಡಾಕ್ಟರ ಮೆಷಿನ್ನು ಗುಂಯ್ ಎಂದು ಹಳೆಯ ಬೆಳ್ಳಿಯನ್ನು ಕೊರೆಯಿತು. ನಾಲಿಗೆಯ ಮೇಲೆ ಮರಳಿನಂಥದ್ದು ಉದುರಿತು.

"ಮುಕ್ಕಳಿಸಿ ಉಗೀರಿ."

ಉಗಿದಳು. ಬಿಳಿಯ ಬೇಸಿನ್ನಿನಲ್ಲಿ ಬೂದು ಚೂರುಗಳು ನೀರಿನ ಜೊತೆ ಸುತ್ತಿ ತೂತಿನೊಳಗೆ ಇಳಿದುಹೋದವು. ಶುಕ್ರವಾರ, ದೀಪ ಹಚ್ಚುವ ಹೊತ್ತು. ಒಂದೇ ಒಂದು ಚೂರು ಮಾತ್ರ ಅಂಚಿಗೆ ಅಂಟಿಕೊಂಡು ಕೂತಿತ್ತು.

"ಹೊಸದು ತುಂಬೋಣವಾ ಮೇಡಂ?"

"ಒಂದ್ನಿಮಿಷ ಡಾಕ್ಟ್ರೇ," ಎಂದು ಪಂಕಜ ಲೋಟಕ್ಕೆ ಕೈ ಚಾಚಿದಳು. ಬಾಯಿ ತುಂಬ ನೀರು ತುಂಬಿಕೊಂಡು, ಬಗ್ಗಿ, ಗುರಿಯಿಟ್ಟು ಉಗಿದಳು.