ಪಾಪಯ್ಯ ಮಾಡಿದ ಮೊದಲ ಟ್ರಂಪೆಟ್

ಜರಗನಹಳ್ಳಿಯ ಪಾಪಯ್ಯ ಬ್ಯಾಂಡ್‌ಸೆಟ್‌ನವರ ವಾದ್ಯಗಳನ್ನು ರಿಪೇರಿ ಮಾಡುತ್ತಿದ್ದರು. ಅವರ ಸ್ನೇಹಿತ ಸಿದ್ದರಾಜು ಟ್ರಂಪೆಟ್ ಊದುವವನು. ಹಗಲು ದುಡಿಯುತ್ತಿದ್ದ ಕಾರ್ಖಾನೆಯ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಉಂಗುರ ಬೆರಳು, ಕಿರುಬೆರಳು ಹೋದವು. ಟ್ರಂಪೆಟ್ಟಿನ ಮೂರನೇ ಗುಂಡಿ ಒತ್ತಲು ಬೆರಳೇ ಉಳಿಯಲಿಲ್ಲ. ಆಗ ಪಾಪಯ್ಯ ತಾರಸಿಯ ಶೀಟಿನ ಕೋಣೆಯಲ್ಲಿ ತಿಂಗಳುಗಟ್ಟಲೆ ಕೂತು, ಆ ಗುಂಡಿಯನ್ನು ಎಡಗೈ ಹೆಬ್ಬೆರಳಿನಿಂದ ಒತ್ತುವಂಥ ಹಿತ್ತಾಳೆಯ ಲಿವರ್ ಒಂದನ್ನು ಮಾಡಿ ಕೂರಿಸಿದರು. ಸಿದ್ದರಾಜು ಮತ್ತೆ ಮದುವೆ ಮೆರವಣಿಗೆಗಳಲ್ಲಿ ಊದತೊಡಗಿದ. ಬೆರಳು ಕಳೆದುಕೊಂಡ ಬೇರೆ ಊರಿನ ಕಲಾವಿದರೂ ಹುಡುಕಿಕೊಂಡು ಬಂದರು.

ಮಗಳು ಸುಧಾಮಣಿಗೆ ಮಾತ್ರ ಅದು ಕಿರಿಕಿರಿ. "ಅಪ್ಪಾ, ಕೆಳಗಡೆ ಬಾಡಿಗೆಯವ್ರು ಸದ್ದು ಜಾಸ್ತಿ ಅಂತ ಕಂಪ್ಲೇಂಟ್ ಮಾಡ್ತಾರೆ. ಸಾಕು ನಿಲ್ಸಿ," ಎಂದು ಮೆಟ್ಟಿಲ ಕೆಳಗಿನಿಂದಲೇ ಕೂಗುತ್ತಿದ್ದಳು. ಪಾಪಯ್ಯ ಹಿತ್ತಾಳೆ ಉಜ್ಜುತ್ತಿದ್ದ ಅರವನ್ನು ಕೆಳಗಿಡುತ್ತಿದ್ದರು.

ಅವರು ತೀರಿಕೊಂಡ ಮೇಲೆ ಸುಧಾಮಣಿ ಆ ಕೋಣೆ ಖಾಲಿ ಮಾಡಿಸಿ, ಹಳೆಯ ಹಿತ್ತಾಳೆಯನ್ನೆಲ್ಲ ಚೀಲಕ್ಕೆ ತುಂಬಿ ಗುಜರಿಯವನಿಗೆ ಹಾಕಿದಳು. ಸ್ವಲ್ಪ ದಿನಕ್ಕೆ ಸಿದ್ದರಾಜು ಬಂದ.

"ಬುದ್ಧ ಪೂರ್ಣಿಮೆ ದಿನ ನಿಮ್ಮಪ್ಪನ ನೆನಪಿಗೆ ಒಂದು ಕಾರ್ಯಕ್ರಮ ಇಟ್ಕೊಂಡಿದೀವಿ ಕಣಮ್ಮ. ನನ್ನದಕ್ಕೂ ಮುಂಚೆ ಲಿವರ್ ಕೂರ್ಸಿ ಮಾಡಿ ನೋಡಿದ ಮೊದಲನೇ ಟ್ರಂಪೆಟ್ ಮೇಲಿನ ರೂಮಲ್ಲೇ ಇದೆ. ಅದನ್ನ ಟೇಬಲ್ ಮೇಲಿಟ್ಟು ಹೂವು ಹಾಕ್ಬೇಕು."

ಚೀಲಕ್ಕೆ ತುಂಬಿದ ಹಿತ್ತಾಳೆ ಅವಳಿಗೆ ನೆನಪಾಯಿತು. "ಹುಡುಕಿ ತರ್ತೀನಿ ಮಾವ," ಎಂದಳು.

ಮರುದಿನ ಗುಜರಿಯವನನ್ನು ಹುಡುಕಿಕೊಂಡು ಮಡಿವಾಳಕ್ಕೆ ಹೋದಳು. "ಅದೆಲ್ಲ ಆವತ್ತೇ ಕರಗ್ಸಕ್ಕೆ ಹೋಯ್ತಕ್ಕ," ಎಂದ ಅವನು. ಅವಳು ಯಾರಿಗೂ ಹೇಳಲಿಲ್ಲ. ಸಿದ್ದರಾಜು ಫೋನ್ ಮಾಡಿದಾಗಲೆಲ್ಲ "ತರ್ತೀನಿ" ಎಂದೇ ಹೇಳಿದಳು.

ಕಾರ್ಯಕ್ರಮದ ದಿನ ಪೆಂಡಾಲಿನಲ್ಲಿ ಪಾಪಯ್ಯನ ಫೋಟೋ ಪಕ್ಕದ ಟೇಬಲ್ಲಿಗೆ ಬಿಳಿ ಬಟ್ಟೆ ಹಾಸಿದ್ದರು. ಸುಧಾಮಣಿ ಬರಿಗೈಲಿ ಬಂದಳು.

"ಎಲ್ಲಮ್ಮ?" ಎಂದ ಸಿದ್ದರಾಜು.

"ಗುಜರಿಗೆ ಹಾಕ್ಬಿಟ್ಟೆ ಮಾವ. ಏನೂಂತ ನೋಡ್ಲಿಲ್ಲ. ಇಷ್ಟು ದಿನ ನಿಮ್ಗೆ ಸುಳ್ಳು ಹೇಳ್ದೆ."

ಸಿದ್ದರಾಜು ತನ್ನ ಟ್ರಂಪೆಟ್ಟನ್ನು ಒರೆಸಿ ಬಿಳಿ ಬಟ್ಟೆಯ ಮೇಲಿಟ್ಟ. "ಇದೂ ಅವ್ರೇ ಮಾಡಿದ್ದು. ಇದೇ ಇರ್ಲಿ ಬಿಡು. ಇವತ್ತು ನಾನು ಊದಲ್ಲ."

ಸುಧಾಮಣಿ ಅದನ್ನು ಎತ್ತಿ ಅವನ ಕೈಗೆ ಕೊಟ್ಟಳು. "ಬೇಡ ಮಾವ. ಅಪ್ಪ ಮಾಡಿದ್ದು ನೀವು ಊದ್ಲಿ ಅಂತ. ಟೇಬಲ್ ಖಾಲಿ ಇರ್ಲಿ. ಯಾಕೆ ಖಾಲಿ ಅಂತ ನಾನೇ ಹೇಳ್ತೀನಿ."

ಅವಳು ಮೈಕಿನ ಮುಂದೆ ನಿಂತಳು. ನಡೆದದ್ದನ್ನೆಲ್ಲ ಹೇಳಿದಳು. ಅಪ್ಪನಿಗೆ ಕೆಲಸ ನಿಲ್ಲಿಸೆಂದು ಹೇಳುತ್ತಿದ್ದುದನ್ನೂ ಹೇಳಿದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅನಿಸಿತು ಅವಳಿಗೆ. ಮುಂದಿನ ಸಾಲಿನಲ್ಲಿದ್ದ ನೆರೆಮನೆಯ ಕೆಂಪಕ್ಕ ಸ್ವಲ್ಪ ಸರಿದು, "ಬಾ, ಕೂತ್ಕೊ," ಎಂದಳು.

ಸಿದ್ದರಾಜು ಊದಲು ಶುರು ಮಾಡಿದ. ಸುಧಾಮಣಿ ಅವನ ಎಡಗೈಯನ್ನೇ ನೋಡುತ್ತಾ ಕೂತಳು. ಹೆಬ್ಬೆರಳು ಲಿವರನ್ನು ಒತ್ತಿದಾಗಲೆಲ್ಲ ಗುಂಡಿ ಸದ್ದಿಲ್ಲದೆ ಇಳಿದು ಏಳುತ್ತಿತ್ತು. ಅಪ್ಪ ಬದುಕಿದ್ದಾಗ ಒಮ್ಮೆಯೂ ಮೆಟ್ಟಿಲು ಹತ್ತಿ ಹೋಗಿ ಅವಳು ಇದನ್ನು ನೋಡಿರಲಿಲ್ಲ.